ಕಾಸರಗೋಡಿನ ಕನ್ನಡಿಗರಿಗೆ ಇಂಗ್ಲಿಷ್ ಉಚ್ಚಾರಣೆ: ಸಿಲಬಲ್‌ನಿಂದ ಶುರು ಮಾಡೋಣ

ಕಳೆದ ಮಳೆಗಾಲದಲ್ಲಿ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ನರ್ಸಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಗಲ್ಫಿನ ಕೆಲಸಕ್ಕೆ ಫೋನಿನಲ್ಲಿ ಇಂಟರ್‌ವ್ಯೂ ಕೊಟ್ಟಿದ್ದಳು, ಆಗಲಿಲ್ಲ. ಆ ಕಡೆಯವರು ಮತ್ತೆ ಮತ್ತೆ 'ಸಾರಿ?' ಅಂತ ಕೇಳಿದರಂತೆ. "ಎಂತ ಮಾವ, ನನ್ನ ಇಂಗ್ಲಿಷ್ ಅಷ್ಟೂ ಹಾಳಾ?" ಅಂತ ಜಗಲಿಯಲ್ಲಿ ಕೂತು ಕೇಳಿದಳು.

ಏನು ಹೇಳಿದ್ದೆ, ಒಮ್ಮೆ ಹೇಳು ಅಂದೆ. ಅವಳು ಹೇಳಿದ್ದು ಹೀಗೆ: 'ಐ ವರ್ಕೆಡ್ ಇನ್ನು ಯೆ ಹಾಸ್ಪಿಟಲ್ಲು ಫಾರು ಟೂ ಯಿಯರ್ಸು.' ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಈ ವಾಕ್ಯಕ್ಕೆ 10 ಸಿಲಬಲ್. ಅವಳ ಬಾಯಲ್ಲಿ 16 ಆಗಿತ್ತು. ಕೇಳುವವರು ತಬ್ಬಿಬ್ಬಾದದ್ದು ಆ ಹೆಚ್ಚಿನ ಆರರಿಂದ.

ಉಚ್ಚಾರಣೆ ಸರಿ ಮಾಡಲು ಹೊರಟವರು ಸಾಮಾನ್ಯವಾಗಿ ಒಂದೊಂದು ಅಕ್ಷರದ ಹಿಂದೆ ಬೀಳುತ್ತಾರೆ. 'ಆರ್' ಹೇಗೆ ಹೊರಳಿಸಬೇಕು, 'ಟಿ' ಹೇಗೆ ಹೇಳಬೇಕು ಅಂತ. ಅದು ಆಮೇಲಿನ ಕೆಲಸ. ಮೊದಲು ಸಿಲಬಲ್ ಲೆಕ್ಕ ಸರಿಯಾದರೆ ನಮ್ಮ ಊರಿನ ರಾಗ ಇದ್ದರೂ ಜನರಿಗೆ ಅರ್ಥವಾಗುತ್ತದೆ. ಅದಕ್ಕೆ ಬೇಕಾದ ಅಭ್ಯಾಸ ಬಹುಪಾಲು ನಮ್ಮ ನಾಲಿಗೆಗೆ ಈಗಾಗಲೇ ಇದೆ. ಕನ್ನಡ, ತುಳು, ಮಲಯಾಳಂ ಮೂರನ್ನೂ ಕೇಳಿ ಬೆಳೆದ ಕಾಸರಗೋಡಿನವರಿಗಂತೂ ಉಳಿದವರಿಗಿಂತ ಜಾಸ್ತಿ ಇದೆ.

ಮೊದಲು ಎಣಿಸಲು ಕಲಿಯಿರಿ

ಸಿಲಬಲ್ ಅಂದರೆ ಒಂದು ಸ್ವರ, ಅದರ ಹಿಂದೆ ಮುಂದೆ ಅಂಟಿಕೊಂಡಿರುವ ವ್ಯಂಜನಗಳು. ಅದು ನಾವು ಬರೆಯುವ ಅಕ್ಷರ ಅಲ್ಲ. 'ವಸ್ತ್ರ' ಎಂದು ಬರೆಯುವಾಗ 'ವ' ಮತ್ತು 'ಸ್ತ್ರ' ಎಂದು ಎರಡು ಅಕ್ಷರ. ಹೇಳುವಾಗ ಕೇಳಿ: ವಸ್-ತ್ರ. 'ಸ್' ಹಿಂದಕ್ಕೆ ಬಂದು 'ವ'ಕ್ಕೆ ಸೇರಿಕೊಂಡಿತು.

ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಬಾಯಿಪಾಠ ಮಾಡಿದ್ದೆವು. ಯಾಕೆ ಗುರು ಅಂದರೆ ಇದೇ ಕಾರಣ. ಹಿಂದಿನ ಸಿಲಬಲ್‌ಗೆ ಒಂದು ವ್ಯಂಜನ ಬಂದು ಬಾಗಿಲು ಹಾಕುತ್ತದೆ, ಅದರ ತೂಕ ಹೆಚ್ಚುತ್ತದೆ. ನಮ್ಮ ಛಂದಸ್ಸಿಗೆ ಸಿಲಬಲ್ ಗೊತ್ತಿತ್ತು. ನಾವು ಅದನ್ನು ಇಂಗ್ಲಿಷಿಗೆ ಬಳಸಲಿಲ್ಲ, ಅಷ್ಟೇ.

ಎಣಿಸಲು ಸುಲಭದ ದಾರಿ ಇದೆ. ಅಂಗೈ ಕೆಳಮುಖ ಮಾಡಿ ಗಲ್ಲದ (ಗದ್ದದ) ಅಡಿಗೆ ತಾಗಿಸಿ ಹಿಡಿಯಿರಿ. 'ಕುಂಬಳೆ' ಎನ್ನಿ. ಗಲ್ಲ ಮೂರು ಸಲ ಕೈಯನ್ನು ತಳ್ಳುತ್ತದೆ: ಕುಂ-ಬ-ಳೆ. ಇನ್ನು ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಂತೆ 'ಕುಂಬ್ಲ' ಎನ್ನಿ. ಎರಡೇ ಸಲ. ಊರು ಅದೇ, ಒಂದು ಸ್ವರ ಹೋಯಿತು, ಒಂದು ಸಿಲಬಲ್ ಹೋಯಿತು.

ಈಗ ಇಂಗ್ಲಿಷ್ ಪದಗಳು. ಡೆಸ್ಕ್, ಬಸ್, ಸ್ಟ್ರೀಟ್, ಫಿಲ್ಮ್, ನೆಕ್ಸ್ಟ್. ಐದರಲ್ಲಿ ಯಾವುದಕ್ಕೂ ಗಲ್ಲ ಒಂದಕ್ಕಿಂತ ಹೆಚ್ಚು ಸಲ ಇಳಿಯಬಾರದು. 'ಫಿಲಂ' ಅಂದರೆ ಎರಡಾಯಿತು, 'ಡೆಸ್ಕು' ಅಂದರೂ ಎರಡು. ಟೀಚರ್, ವಾಟರ್ ಎರಡೆರಡು. ಹಾಸ್ಪಿಟಲ್ ಮೂರು. ಎರಡು ಮೂರು ದಿನ ಬೇರೇನೂ ಮಾಡಬೇಡಿ, ಕಂಡ ಕಂಡ ಬೋರ್ಡಿನ ಪದಗಳನ್ನು ಹೀಗೆ ಎಣಿಸಿ. ತಲಪಾಡಿ ದಾಟಿ ಮಂಗಳೂರು ಮುಟ್ಟುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ನೂರು ಪದ ಸಿಗುತ್ತವೆ.

ಇಂಗ್ಲಿಷ್ ಸಿಲಬಲ್‌ನಲ್ಲಿ ಸ್ವರದ ಮುಂಚೆ 3 ವ್ಯಂಜನಗಳವರೆಗೆ, ಸ್ವರದ ನಂತರ 4ರವರೆಗೆ ಬರಬಹುದು. 'ಟೆಕ್ಸ್ಟ್ಸ್' ಎಂಬ ಪದದ ಕೊನೆಯಲ್ಲಿ ಕ್, ಸ್, ಟ್, ಸ್ ಸಾಲಾಗಿ ನಿಂತಿವೆ. ಕನ್ನಡದ ಪದಗಳಿಗೆ ಸ್ವರದಲ್ಲಿ ಮುಗಿಯುವುದೇ ಇಷ್ಟ. ನಮಗೆ ತೊಂದರೆ ಹುಟ್ಟುವುದು ಇಲ್ಲೇ.

ಕೊನೆಯ ಉಕಾರ

ಕಾರು, ರೋಡು, ಬೆಂಚು, ಬಸ್ಸು, ಬುಕ್ಕು. ಇವು ಕನ್ನಡಕ್ಕೆ ಬಂದ ಪದಗಳು, ಕನ್ನಡದಲ್ಲಿ ಮಾತಾಡುವಾಗ ಹೀಗೇ ಇರಲಿ, ಚಂದವಾಗಿವೆ. ಇಂಗ್ಲಿಷ್ ಮಾತಾಡುವಾಗ ಮಾತ್ರ ಆ ಉಕಾರ ಬಿಡಬೇಕು. 'ಕಪ್' ಎನ್ನಬೇಕಾದಲ್ಲಿ 'ಕಪ್ಪು' ಅಂದರೆ ಸಿಲಬಲ್ ಎರಡಾಯಿತು, ನಡುವೆ ಒತ್ತೂ ಬಂತು.

ಬಿಡುವುದು ಹೇಗೆ? ನಮ್ಮ ವ್ಯಾಕರಣದಲ್ಲೇ ಇದೆ. ಊರು + ಅಲ್ಲಿ = ಊರಲ್ಲಿ. ಲೋಪ ಸಂಧಿ. ಸ್ವರ ಮುಂದೆ ಬಂದರೆ ಉಕಾರ ತಾನಾಗಿ ಬಿದ್ದು ಹೋಗುತ್ತದೆ. ಬಸ್ಸಲ್ಲಿ, ಕಾರಲ್ಲಿ, ರೋಡಲ್ಲಿ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅಂದರೆ ಉಕಾರ ಇಲ್ಲದ 'ಕಾರ್' ನಮ್ಮ ಬಾಯಲ್ಲಿ ದಿನವೂ ಬರುತ್ತಿದೆ. ಹೀಗೆ ಮಾಡಿ: 'ಕಾರಲ್ಲಿ' ಎಂದು ಐದು ಸಲ ಹೇಳಿ. ಆರನೆಯ ಸಲ 'ಕಾರ್' ಮುಗಿದಲ್ಲಿ ನಾಲಿಗೆಯನ್ನು ಹಾಗೇ ಹಿಡಿಯಿರಿ, ಒಂದು ಕ್ಷಣ ಬಿಟ್ಟು 'ಅಲ್ಲಿ' ಎನ್ನಿ. ಏಳನೆಯ ಸಲ 'ಅಲ್ಲಿ' ಬಿಟ್ಟುಬಿಡಿ. ಉಳಿದದ್ದೇ ಇಂಗ್ಲಿಷಿನ ಪದ.

ಮಲಯಾಳಂ ಗೊತ್ತಿದ್ದವರಿಗೆ ಇನ್ನೊಂದು ದಾರಿ ಉಂಟು. ಆ ಲಿಪಿಯಲ್ಲಿ ಚಿಲ್ಲು ಎಂಬ ಅಕ್ಷರಗಳಿವೆ, ಮುಖ್ಯವಾಗಿ ಐದು: ನ್, ಣ್, ರ್, ಲ್, ಳ್. ಸ್ವರವೇ ಇಲ್ಲದ ಬರೀ ವ್ಯಂಜನಗಳು. ನಮ್ಮ 'ಕಾಲು' ಅವರಿಗೆ 'ಕಾಲ್'. ತುಳುವಿನವರು ಬೇಕಾದರೆ ಮಲಯಾಳಿ ಗೆಳೆಯರಿಂದ ಕೇಳಿ ಕಲಿಯಬಹುದು: ಅವನ್, ಪಾಲ್, ಕಾಲ್. ಇವುಗಳ ಕೊನೆಯಲ್ಲಿ ನಾಲಿಗೆ ಎಲ್ಲಿ ನಿಲ್ಲುತ್ತದೋ ಅಲ್ಲೇ ಪೆನ್, ಬಾಲ್, ಕಾಲ್ ಎಂಬ ಇಂಗ್ಲಿಷ್ ಪದಗಳಲ್ಲೂ ನಿಲ್ಲಿಸಿ.

ಆದರೆ ಕ್, ಪ್, ಟ್ ಕೊನೆಯಲ್ಲಿ ಬಂದಾಗ ಮಲಯಾಳಂ, ತುಳು ಎರಡರಲ್ಲೂ ಒಂದು ಅರ್ಧ ಉಕಾರ ಬರುತ್ತದೆ. ತುಟಿ ಉರುಟಾಗುವುದಿಲ್ಲ, ಆದರೂ ಸ್ವರ ಸ್ವರವೇ. ಮಲಯಾಳಂನಲ್ಲಿ ಇದಕ್ಕೆ ಸಂವೃತೋಕಾರಂ ಅನ್ನುತ್ತಾರೆ. ಕನ್ನಡದ ಪೂರ್ತಿ 'ಉ' ಬಿಟ್ಟವರು ಈ ಅರ್ಧಕ್ಕೆ ಬಂದು ನಿಲ್ಲುತ್ತಾರೆ, ಅವರಿಗೇ ಗೊತ್ತಾಗುವುದಿಲ್ಲ.

ಇದನ್ನು ಹಿಡಿಯಲು ಕನ್ನಡಿ ಬೇಕು. ಅಕ್ಕನ ಮಗಳಿಗೆ ಗೋಡೆಯ ಮೇಲಿನ ಸಣ್ಣ ಕನ್ನಡಿ ತೆಗೆದುಕೊಟ್ಟೆ. 'ಕಪ್' ಎಂದು ಹೇಳಿ ತುಟಿ ನೋಡಿಕೋ ಅಂದೆ. ಹೇಳಿ ಮುಗಿದ ಮೇಲೂ ತುಟಿ ಮುಚ್ಚಿಯೇ ಇರಬೇಕು. ಒಂದು, ಎರಡು ಎಂದು ಮನಸ್ಸಿನಲ್ಲಿ ಎಣಿಸುವವರೆಗೆ. ಮೊದಲ ಸಲ ತುಟಿ ಪಟಕ್ಕನೆ ತೆರೆಯಿತು. ಎರಡನೆಯ ಸಲವೂ ತೆರೆಯಿತು. ನಾಲ್ಕನೆಯ ಸಲಕ್ಕೆ ಮುಚ್ಚಿಯೇ ನಿಂತಿತು, ಆಗ ಅವಳ ಕಣ್ಣಲ್ಲಿ ಬೆಳಕು ಕಂಡೆ. 'ಬುಕ್' ಪದಕ್ಕೆ ಕನ್ನಡಿ ಸಾಲದು, ಒಳಗೆ ಗಂಟಲ ಬಳಿ ನಡೆಯುವ ಕೆಲಸ ಅದು. ಅದಕ್ಕೆ ಬೆರಳನ್ನು ಗಂಟಲಿನ ಮೇಲೆ ಇಡಿ. 'ಬು' ಹೇಳುವಾಗ ಗುಂಯ್ ಎಂದು ನಡುಗುತ್ತದೆ. 'ಕ್' ಬಂದ ಮೇಲೆ ನಡುಕ ನಿಂತೇ ಹೋಗಬೇಕು. ಮತ್ತೆ ನಡುಗಿದರೆ ಉಕಾರ ಬಂತು ಎಂದೇ ಅರ್ಥ.

ಉಕಾರ ಬಿಡುವಾಗ 'ಬ್ಯಾಗ್' ಹೋಗಿ 'ಬ್ಯಾಕ್' ಆಗುವ ಅಪಾಯ ಇದೆ. ಇಂಗ್ಲಿಷಿನವರು ಇವೆರಡನ್ನು ಬೇರೆ ಮಾಡುವುದು ಕೊನೆಯ ವ್ಯಂಜನದಿಂದ ಮಾತ್ರ ಅಲ್ಲ. 'ಗ್' ಮುಂಚಿನ ಸ್ವರವನ್ನು ಎಳೆಯುತ್ತಾರೆ, 'ಕ್' ಮುಂಚಿನದನ್ನು ಚಿಕ್ಕದು ಮಾಡುತ್ತಾರೆ. ಸೀಡ್ ಉದ್ದ, ಸೀಟ್ ಗಿಡ್ಡ. ಕೊನೆ ಸ್ವಲ್ಪ ಮಸುಕಾದರೂ ಸ್ವರದ ಉದ್ದ ಸರಿ ಇದ್ದರೆ ಕೇಳುವವರಿಗೆ ಗೊತ್ತಾಗುತ್ತದೆ.

ಪದದ ಆರಂಭ

ಇದು ನಮಗೆ ಅಷ್ಟು ಕಷ್ಟ ಅಲ್ಲ. 'ಸ್ತ್ರೀ' ಎನ್ನುವ ನಾಲಿಗೆಗೆ 'ಸ್ಟ್ರೀಟ್' ಭಾರ ಆಗಲಾರದು. 'ಸ್ತ್ರೀ' ಎಂದು ಹೇಳಿ, 'ತ್' ಇದ್ದಲ್ಲಿ 'ಟ್' ಇಡಿ, ಕೊನೆಗೆ 'ಟ್' ಮುಚ್ಚಿ. ಇಂಗ್ಲಿಷಿನಲ್ಲಿ ಆರಂಭಕ್ಕೆ ಮೂರು ವ್ಯಂಜನ ಬಂದರೆ ಮೊದಲನೆಯದು 'ಸ್', ಎರಡನೆಯದು ಪ್, ಟ್, ಕ್ ಮೂರರಲ್ಲಿ ಒಂದು, ಮೂರನೆಯದು ರ್, ಲ್, ಯ್, ವ್ ಗುಂಪಿನದು. ಸ್ಪ್ರಿಂಗ್, ಸ್ಕ್ರೂ, ಸ್ಕ್ವೇರ್. 'ಇಸ್ಕೂಲು' ಎನ್ನುವ ಅಭ್ಯಾಸ ಇದ್ದವರು ಹಾವಿನಂತೆ 'ಸ್‌ಸ್‌ಸ್' ಎಂದು ಎಳೆದು, ಅಲ್ಲಿಂದ ನೇರ 'ಕೂಲ್'ಗೆ ಜಾರಿ.

ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ನಾವು ಮುಂದೆ ಸೇರಿಸುವ 'ಯ' ಮತ್ತು 'ವ'. ಎಗ್ ಯೆಗ್ಗಾಗುತ್ತದೆ, ಎಂಡ್ ಯೆಂಡಾಗುತ್ತದೆ, ಓಪನ್ ವೋಪನ್ನಾಗುತ್ತದೆ. ಸಿಲಬಲ್ ಸಂಖ್ಯೆ ಬದಲಾಗುವುದಿಲ್ಲ, ಆದರೆ ಪದವೇ ಬದಲಾಗಬಹುದು. 'ಈಸ್ಟ್' ಅಂದರೆ ಪೂರ್ವ ದಿಕ್ಕು, 'ಯೀಸ್ಟ್' ಅಂದರೆ ಬೇಕರಿಯವರು ಹಿಟ್ಟಿಗೆ ಹಾಕುವುದು. ಬಾಯಿ ಮೊದಲು ಸ್ವರದ ಆಕಾರಕ್ಕೆ ತೆರೆಯಲಿ, ಆಮೇಲೆ ಸದ್ದು ಬರಲಿ. ಹಾಗೆ ಮಾಡಿದರೆ ಯಕಾರ ನುಸುಳಲು ಜಾಗ ಇಲ್ಲ.

ವರ್ಕೆಡ್ ಅಲ್ಲ, ವರ್ಕ್ಟ್

ಅಕ್ಕನ ಮಗಳು ಇದನ್ನು ಒಪ್ಪಲು ತುಂಬ ಹೊತ್ತು ತೆಗೆದುಕೊಂಡಳು. "ಹಾಗೆ ಹೇಳಿದ್ರೆ ನಗಾಡ್ತಾರೆ ಮಾವ, ಇ-ಡಿ ಇದೆಯಲ್ಲ?" ಅಂದಳು. ಬರಹದಲ್ಲಿ ಇದೆ, ಮಾತಿನಲ್ಲಿ ಇಲ್ಲ.

ನಡೆದುಹೋದ ಕ್ರಿಯೆ ಹೇಳುವ ಆ 'ಇ-ಡಿ'ಗೆ ಮೂರು ಉಚ್ಚಾರ. ಮೂಲ ಪದ ಕ್, ಪ್, ಸ್, ಶ್, ಚ್ ಇಂಥ ಗಂಟಲು ನಡುಗದ ಸದ್ದಿನಲ್ಲಿ ಮುಗಿದರೆ ಬರೀ 'ಟ್': ವಾಕ್ಟ್, ಹೆಲ್ಪ್ಟ್, ವಾಶ್ಟ್. ಗಂಟಲು ನಡುಗುವ ಸದ್ದಾದರೆ ಬರೀ 'ಡ್': ಕಾಲ್ಡ್, ಓಪನ್ಡ್, ಪ್ಲೇಡ್. ಈ ಎರಡರಲ್ಲೂ ಸಿಲಬಲ್ ಹೆಚ್ಚುವುದಿಲ್ಲ. ಮೂಲ ಪದವೇ 'ಟ್' ಅಥವಾ 'ಡ್'ನಲ್ಲಿ ಮುಗಿದಿದ್ದರೆ ಮಾತ್ರ 'ಇಡ್' ಬಂದು ಒಂದು ಸಿಲಬಲ್ ಸೇರುತ್ತದೆ: ವಾಂಟಿಡ್, ನೀಡಿಡ್.

ಪಕ್ಕದ ಸದ್ದಿನ ಗುಣ ಹತ್ತುವುದು ನಮಗೆ ಹೊಸತಲ್ಲ. ಮಳೆ + ಕಾಲ = ಮಳೆಗಾಲ. ಕಣ್ + ಪನಿ = ಕಂಬನಿ. ಆದೇಶ ಸಂಧಿಯಲ್ಲಿ ಪಕ್ಕದ ನಡುಗುವ ಸದ್ದುಗಳ ಸಹವಾಸಕ್ಕೆ 'ಕ' ಹೋಗಿ 'ಗ' ಆಯಿತು, 'ಪ' ಹೋಗಿ 'ಬ' ಆಯಿತು. ವಾಕ್ಟ್‌ನಲ್ಲಿ ಇದೇ ಉಲ್ಟಾ ನಡೆಯುತ್ತದೆ, ನಡುಗದ 'ಕ್' ಪಕ್ಕಕ್ಕೆ ಬಂದ 'ಡ್' ತಾನೂ ನಡುಗದ 'ಟ್' ಆಗುತ್ತದೆ. ಕಂಬನಿಯ ಸಂಧಿಯನ್ನು ಇಂಗ್ಲಿಷಿಗೆ ಒಯ್ಯಬೇಡಿ ಮಾತ್ರ. ನಮ್ಮ ಕಡೆ ಕೆಲವರು 'ಸಿಂಪ್ಲಿ'ಗೆ 'ಸಿಂಬ್ಲಿ', 'ಟೆಂಪಲ್'ಗೆ 'ಟೆಂಬಲ್' ಎನ್ನುವುದು ಅದರಿಂದಲೇ.

ಬಹುವಚನದ 'ಎಸ್' ಕೂಡ ಇದೇ ದಾರಿ. ಕ್ಯಾಟ್ಸ್, ಬುಕ್ಸ್ ಎಂಬಲ್ಲಿ 'ಸ್'. ಡಾಗ್, ಪೆನ್, ಯಿಯರ್ ಮುಂದೆ 'ಜ಼್', ದುಂಬಿ ಹಾರಿದ ಹಾಗೆ: 'ಸ್' ಹೇಳುತ್ತಾ ಗಂಟಲು ನಡುಗಿಸಿದರೆ ಬರುತ್ತದೆ. ಬಸ್, ಬಾಕ್ಸ್, ವಾಚ್ ಇಂಥವಕ್ಕೆ ಮಾತ್ರ 'ಇಜ಼್' ಸೇರಿ ಒಂದು ಸಿಲಬಲ್ ಹೆಚ್ಚುತ್ತದೆ.

ಉದ್ದ ಗೊಂಚಲುಗಳನ್ನು ಹಿಂದಿನಿಂದ ಕಟ್ಟಿ. 'ನೆಕ್ಸ್ಟ್' ಬೇಕಾದರೆ ಮೊದಲು 'ಸ್ಟ್', ಆಮೇಲೆ 'ಕ್ಸ್ಟ್', ಆಮೇಲೆ 'ಎಕ್ಸ್ಟ್', ಕೊನೆಗೆ ಪೂರ್ತಿ. ಸಮಾಧಾನದ ಸಂಗತಿಯೂ ಒಂದಿದೆ. 'ನೆಕ್ಸ್ಟ್ ಡೇ' ಎನ್ನುವಾಗ ಇಂಗ್ಲಿಷಿನವರೇ ನಡುವಿನ 'ಟ್' ನುಂಗಿ 'ನೆಕ್ಸ್ ಡೇ' ಎನ್ನುತ್ತಾರೆ. ಒಂದು ವ್ಯಂಜನ ಬಿಟ್ಟರೆ ನಡೆಯುತ್ತದೆ. ಒಂದು ಸ್ವರ ಸೇರಿಸಿದರೆ ಲೆಕ್ಕ ತಪ್ಪುತ್ತದೆ.

ಎರಡು ಸಲ ಬರೆದ ಅಕ್ಷರ

ಹ್ಯಾಪಿ, ಸಮರ್, ಲೆಟರ್, ಬಟರ್. ಇವುಗಳ ಸ್ಪೆಲ್ಲಿಂಗಿನಲ್ಲಿ ವ್ಯಂಜನ ಎರಡು ಸಲ ಇದೆ, ಹೇಳುವುದು ಒಂದೇ ಸಲ. ನಮಗೆ ಹಳಿ ಬೇರೆ ಹಳ್ಳಿ ಬೇರೆ, ಕತೆ ಬೇರೆ ಕತ್ತೆ ಬೇರೆ, ಹಾಗಾಗಿ ಎರಡು ಕಂಡ ಕೂಡಲೇ ಒತ್ತು ಕೊಡುತ್ತೇವೆ. ಇಂಗ್ಲಿಷಿನಲ್ಲಿ ಆ ಜೋಡಿ ಅಕ್ಷರ ಸಾಮಾನ್ಯವಾಗಿ ಹೇಳುವುದು ಅದರ ಹಿಂದಿನ ಸ್ವರ ಗಿಡ್ಡ ಎಂದು. 'ಡಿನರ್'ಗೆ ಎರಡು 'ಎನ್', 'ಡೈನರ್'ಗೆ ಒಂದು.

ಎಲ್ಲಾ ಸ್ವರಕ್ಕೂ ಸಮಪಾಲು ಬೇಡ

ಕಾಸರಗೋಡಿನವರಿಗೆ ನಿಜವಾದ ಕಷ್ಟ ಇದು. ಇಲ್ಲಿ ನಮ್ಮ ಒಳ್ಳೆಯ ಗುಣವೇ ಅಡ್ಡ ಬರುತ್ತದೆ. ಬೆಂಗಳೂರು, ಮೈಸೂರು ಕಡೆ ಕೆಲಸ ಕೆಲ್ಸ ಆಗುತ್ತದೆ, ಮನೆಯಲ್ಲಿ ಮನೇಲಿ ಆಗುತ್ತದೆ. ನಾವು ಕರಾವಳಿಯವರು ಒಂದೊಂದು ಅಕ್ಷರವನ್ನೂ ಪೂರ್ತಿ ಹೇಳುತ್ತೇವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನಾವು. ತಾಳಮದ್ದಳೆಯ ಅರ್ಥ ಕೇಳಿ ಬೆಳೆದ ಕಿವಿಗೆ ಸ್ವರ ನುಂಗುವುದು ಸೋಮಾರಿತನ ಅನಿಸುತ್ತದೆ. ಕನ್ನಡಕ್ಕೆ ಅದು ಸರಿಯೇ, ಬಿಡಬೇಡಿ.

ಇಂಗ್ಲಿಷಿನ ತಾಳ ಬೇರೆ. ಅಲ್ಲಿ ಒಂದು ಪದದಲ್ಲಿ ಒಂದು ಸಿಲಬಲ್ ಮುಖ್ಯ ವೇಷ, ಉಳಿದವು ಅದರ ಸುತ್ತ ಸಣ್ಣದಾಗಿ ಬಂದು ಹೋಗುತ್ತವೆ. ಮುಖ್ಯವಾದದ್ದು ಉದ್ದ, ಎತ್ತರ, ಗಟ್ಟಿ. ಉಳಿದವುಗಳ ಸ್ವರ ಎಷ್ಟೋ ಸಲ ಕುಗ್ಗಿ ಒಂದು ಮಂಕು 'ಅ' ಆಗಿಬಿಡುತ್ತದೆ. ಅದರ ಹೆಸರು ಷ್ವಾ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಸ್ವರ ಅದೇ. 'ಎಬೌಟ್' ಅಲ್ಲ, 'ಅಬೌಟ್'. 'ಬನಾನಾ'ದಲ್ಲಿ ನಡುವಿನ 'ನಾ' ಮಾತ್ರ ದೊಡ್ಡದು, ಎರಡೂ ಬದಿಯವು ಷ್ವಾ.

ಗುರು-ಲಘು ಗುರುತು ಇಲ್ಲಿ ಸಹಾಯಕ್ಕೆ ಬರುತ್ತದೆ, ಒಂದು ಎಚ್ಚರಿಕೆಯೊಂದಿಗೆ. ಕನ್ನಡದಲ್ಲಿ ಒಂದೇ ಪದದಲ್ಲಿ ಎಷ್ಟು ಗುರು ಬೇಕಾದರೂ ಬರಬಹುದು. ಇಂಗ್ಲಿಷ್ ಪದಕ್ಕೆ ದೊಡ್ಡ ಗುರು ಒಂದೇ. ಅದರ ಜಾಗ ನಿಮ್ಮ ಕಿವಿಗೆ ತಕ್ಷಣ ತಿಳಿಯುವುದಿಲ್ಲ. ನಾವು ಮೊದಲ ಸಿಲಬಲ್ ಮೇಲೆ ಭಾರ ಹಾಕಿ ಹೇಳುವ ಹೋಟೆಲ್, ಪೊಲೀಸ್, ಮಶೀನ್, ಕಮಿಟಿ ಎಲ್ಲದಕ್ಕೂ ಭಾರ ಎರಡನೆಯದರ ಮೇಲೆ. 'ಎಂಜಿನಿಯರ್'ಗೆ ಕೊನೆಯಲ್ಲಿ. ಬಾಲ ಬದಲಾದರೆ ಭಾರವೂ ಜಾಗ ಬದಲಿಸುತ್ತದೆ: 'ಫೋಟೊಗ್ರಾಫ್'ನಲ್ಲಿ ಮೊದಲನೆಯದು, 'ಫೊಟಾಗ್ರಫಿ'ಯಲ್ಲಿ ಎರಡನೆಯದು, 'ಫೋಟೊಗ್ರಾಫಿಕ್'ನಲ್ಲಿ ಮೂರನೆಯದು. ಒಂದು ನಿಯಮ ಮಾತ್ರ ನೆನಪಿಟ್ಟುಕೊಳ್ಳಿ ಎಂದರೆ ಇದನ್ನು ಹೇಳುತ್ತೇನೆ: ಪದ 'ಶನ್' ಅಥವಾ 'ಇಕ್' ಸದ್ದಿನಲ್ಲಿ ಮುಗಿದರೆ ಹೆಚ್ಚಾಗಿ ಅದರ ಹಿಂದಿನ ಸಿಲಬಲ್‌ಗೇ ಭಾರ. ರಿಸರ್ವೇಶನ್‌ನಲ್ಲಿ 'ವೇ', ಎಜುಕೇಶನ್‌ನಲ್ಲಿ 'ಕೇ'.

ಭಾರ ಇಲ್ಲದ ಸ್ವರ ಕೆಲವೊಮ್ಮೆ ಪೂರ್ತಿ ಹೋಗುತ್ತದೆ, ಕೆಲಸ ಕೆಲ್ಸ ಆದ ಹಾಗೆ. ಚಾಕೊಲೇಟ್ ಎರಡೇ ಸಿಲಬಲ್, ಚಾಕ್-ಲಿಟ್. ಬಿಸ್ನೆಸ್ ಎರಡು. ವೆಜಿಟಬಲ್ ಮೂರು, ವೆಜ್-ಟ-ಬ್ಲ್. ಬುಧವಾರದ ಹೆಸರು ಎರಡು, ವೆನ್ಜ಼್-ಡೇ. 'ಬಾಟಲ್' ಪದದ ಎರಡನೆಯ ಸಿಲಬಲ್‌ನಲ್ಲಿ ಸ್ವರವೇ ಇಲ್ಲ, 'ಲ್' ತಾನೇ ಸ್ವರದ ಕೆಲಸ ಮಾಡುತ್ತದೆ. ನಂಬಲು ಕಷ್ಟ ಆದರೆ ಹಳೆಯ ವರ್ಣಮಾಲೆ ನೋಡಿ. ಅಲ್ಲಿ 'ಋ' ಪಕ್ಕದಲ್ಲಿ 'ಌ' ಎಂಬ ಅಕ್ಷರವನ್ನು ಸ್ವರಗಳ ಸಾಲಿನಲ್ಲೇ ಕೂರಿಸಿದ್ದರು. 'ಲ್' ಸ್ವರ ಆಗಬಲ್ಲದು ಎಂದು ನಮ್ಮ ಹಿರಿಯ ವೈಯಾಕರಣರಿಗೆ ತಿಳಿದಿತ್ತು.

ದಿನಕ್ಕೆ ಕಾಲು ಗಂಟೆ

ಒಳ್ಳೆಯ ಡಿಕ್ಷನರಿ ಇಟ್ಟುಕೊಳ್ಳಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತವೆ, ಒತ್ತಿದರೆ ಪದ ಕೇಳಿಸುತ್ತದೆ. ಉಚ್ಚಾರದ ಸಾಲಿನಲ್ಲಿ ಮೇಲೆ ಒಂದು ಸಣ್ಣ ನೆಟ್ಟಗಿನ ಗೆರೆ ಇರುತ್ತದೆ. ಅದರ ಮುಂದಿನ ಸಿಲಬಲ್‌ಗೆ ಭಾರ. ತಲೆಕೆಳಗಾದ 'ಇ' ಕಂಡರೆ ಅದು ಷ್ವಾ. ಈ ಎರಡು ಗುರುತು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ದಿನಕ್ಕೆ ನಿಮ್ಮದೇ ಕೆಲಸದ ಐದು ವಾಕ್ಯ ಬರೆಯಿರಿ. ಬೇರೆಯವರ ಪಾಠದ ವಾಕ್ಯ ಬೇಡ, ನಾಳೆ ನೀವು ಹೇಳಲಿಕ್ಕಿರುವುದೇ ಆಗಲಿ. ಪ್ರತಿ ಪದದ ಮೇಲೆ ಸಿಲಬಲ್ ಸಂಖ್ಯೆ ಹಾಕಿ, ಭಾರ ಇರುವಲ್ಲಿ ಗುರುತು ಹಾಕಿ, ಒಟ್ಟು ಕೂಡಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳುವಾಗ ಅರ್ಥ ಬಿಡಿ, ಸುಮ್ನೆ ಬೆರಳು ಮಡಚಿ ಸಿಲಬಲ್ ಎಣಿಸಿ. ಕಾಗದದ ಸಂಖ್ಯೆಗಿಂತ ಬೆರಳಿನ ಸಂಖ್ಯೆ ಜಾಸ್ತಿ ಆದರೆ ಎಲ್ಲೋ ಉಕಾರ ಉಳಿದಿದೆ, ಹುಡುಕಿ. ಅಮೆರಿಕದವರ ಹಾಗೆ ನಾಲಿಗೆ ಹೊರಳಿಸಲು ಹೋಗಬೇಡಿ, ಬೇಕಾಗಿಲ್ಲ.

ಕೊನೆಗೆ ಪದಗಳನ್ನು ಬೆಸೆಯಿರಿ. ವ್ಯಂಜನದಲ್ಲಿ ಮುಗಿದ ಪದದ ಮುಂದೆ ಸ್ವರ ಬಂದರೆ ವ್ಯಂಜನ ಮುಂದಕ್ಕೆ ಹಾರುತ್ತದೆ. 'ಊರಲ್ಲಿ' ಎಂಬ ಪದದಲ್ಲಿ ಆದ ಹಾಗೆಯೇ. ಬಿಡಿ ಪದಗಳಲ್ಲಿ ಕಷ್ಟ ಅನಿಸಿದ 'ವರ್ಕ್ಟ್' ಇಲ್ಲಿ ಸಲೀಸಾಗುತ್ತದೆ, ಏಕೆಂದರೆ ಅದರ 'ಟ್' ಮುಂದಿನ 'ಇ'ಗೆ ಹೋಗಿ ಕೂರುತ್ತದೆ. ಅಕ್ಕನ ಮಗಳು ಆ ಸಂಜೆ ಮಳೆ ಬಿಡುವವರೆಗೆ ಕೂತು ಬರೆದುಕೊಂಡ ಸಾಲು ಇದು, ನೀವೂ ಗಲ್ಲಕ್ಕೆ ಕೈ ಹಿಡಿದು ಹೇಳಿ ನೋಡಿ, ಹತ್ತು ಬರಬೇಕು:

ಐ - ವರ್ಕ್ - ಟಿ - ನ - ಹಾಸ್ - ಪಿ - ಟ್ಲ್ - ಫ - ಟೂ - ಯೀರ್ಜ಼್.